ಅಪ್ಪ ಹಾಕಿದ ನೆಲ

ನಾನು ಹತ್ತು ವರ್ಷ ಫಿಗರ್ ಸ್ಕೇಟಿಂಗ್ ಮಾಡಿದವಳು ಅಂದರೆ ಕೊಟ್ಟೂರಿನ ಜನ ಮೊದಲು ಕೇಳುವುದು ಒಂದೇ: ಐಸ್ ಎಲ್ಲಿತ್ತು? ಐಸ್ ಇರಲಿಲ್ಲ. ನಮ್ಮೂರಲ್ಲಿ ಐಸ್ ಅಂದರೆ ಕಬ್ಬಿನಹಾಲಿನ ಗಾಡಿಯಲ್ಲಿ ಗೋಣಿಚೀಲದೊಳಗೆ ಇರುವುದು, ಅಷ್ಟೇ. ಟಿವಿಯಲ್ಲಿ ಬರುವ ಅದೇ ಆಟವನ್ನು ನಾಲ್ಕು ಗಾಲಿಯ ಬೂಟು ಹಾಕಿಕೊಂಡು ಸಿಮೆಂಟಿನ ಮೇಲೂ ಆಡುತ್ತಾರೆ. ಅದಕ್ಕೂ ಸ್ಪರ್ಧೆ ಇದೆ, ಜಡ್ಜುಗಳಿದ್ದಾರೆ, ಮಿಣಮಿಣ ಅಂಗಿ ಇದೆ. ಇಷ್ಟು ವಿವರಿಸುವಷ್ಟರಲ್ಲಿ ಕೇಳಿದವರಿಗೆ ಬೇಜಾರಾಗಿರುತ್ತದೆ. ನನಗಂತೂ ಎಂದೋ ಆಗಿದೆ.

ಕಲಿಸಿದವರು ಹರಪನಹಳ್ಳಿಯ ಒಬ್ಬ ಪಿ.ಟಿ. ಟೀಚರ್. ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದರು. ಒಳ್ಳೆಯ ನೆಲ ಇಲ್ಲದೆ ಈ ಹುಡುಗಿಗೆ ಮುಂದೆ ಕಲಿಸಲಾರೆ ಅಂತ ಅವರು ಒಂದು ದಿನ ಹೇಳಿದರು. ಅಪ್ಪ ಗೌಂಡಿ. ಚಿಗಟೇರಿಯಿಂದ ಕಾನಹೊಸಹಳ್ಳಿವರೆಗೆ ಅವನ ಕರಣಿ ಆಡದ ಊರು ಕಡಿಮೆ. ಗೌಂಡಿಯ ಮಗಳಿಗೆ ನೆಲ ಇಲ್ಲ ಅಂದರೆ ಅವನಿಗೆ ತಡೆಯುತ್ತದೆಯೇ? ಮನೆಯ ಹಿಂದಿನ ಖಾಲಿ ಜಾಗವನ್ನೆಲ್ಲ ಸಮ ಮಾಡಿ, ಕಾಂಕ್ರೀಟ್ ಸುರಿದು, ಮೂರು ದಿನ ಬೇರೆ ಯಾರ ಕೈಗೂ ಕರಣಿ ಕೊಡದೆ ತಾನೇ ಮಂಡಿಯೂರಿ ನುಣುಪು ಮಾಡಿದ. ಕನ್ನಡಿ ಇಟ್ಟಂತಿತ್ತು.

ದೊಡ್ಡ ಸ್ಪರ್ಧೆಗಳಲ್ಲಿ ನೆಗೆತ, ತಿರುಗಾಟಕ್ಕಿಂತ ಮೊದಲು ವೃತ್ತದ ಪರೀಕ್ಷೆ. ನೆಲದ ಮೇಲೆ ಬರೆದ ಗೆರೆಯನ್ನು ಒಂದೇ ಕಾಲಿನಲ್ಲಿ ಬಿಡದೆ ಸುತ್ತಿ, ಹೊರಟ ಜಾಗಕ್ಕೇ ಬಂದು ಸುತ್ತು ಕೂಡಿಸಬೇಕು. ಅಪ್ಪ ಮೊಳೆ ಹೊಡೆದು, ಹಗ್ಗ ಕಟ್ಟಿ, ಸುಣ್ಣದ ಕಡ್ಡಿಯಿಂದ ನನಗೆ ವೃತ್ತ ಎಳೆದುಕೊಡುತ್ತಿದ್ದ. ಶಾಲೆಗೆ ಮುಂಚೆ, ಆಮೇಲೆ ಕಾಲೇಜಿಗೆ ಮುಂಚೆ, ಏಳು ವರ್ಷ ಅದರ ಮೇಲೆ ಸುತ್ತಿದೆ. ಚಕ್ರ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಗಾಣದ ಎತ್ತು ಅಂತ ಅವ್ವ ಆಡಿಕೊಳ್ಳುತ್ತಿದ್ದಳು.

ಮನೆಯಲ್ಲಿ ಒಂದು ಮಾತಾಗಿತ್ತು. ಡಿಗ್ರಿ ಮುಗಿಯುವುದರೊಳಗೆ ರಾಜ್ಯ ತಂಡಕ್ಕೆ ಆಯ್ಕೆಯಾದರೆ ಆಟ ಮುಂದುವರಿಸುವುದು, ಇಲ್ಲದಿದ್ದರೆ ಬೂಟು ಬಿಚ್ಚಿ ಕೆಲಸ ಹುಡುಕುವುದು. ಹಾಗೆ ಕೊನೆಯ ವರ್ಷ ಟೀಚರ್ ಜೊತೆ ಬೆಂಗಳೂರಿಗೆ ಹೋದೆ.

ಅಲ್ಲಿ ನಾನು ಬೀಳಲಿಲ್ಲ. ಬಿದ್ದಿದ್ದರೆ ಹೇಳಿಕೊಳ್ಳಲಿಕ್ಕಾದರೂ ಒಂದು ಕಥೆ ಇರುತ್ತಿತ್ತು. ಮೊದಲ ವೃತ್ತದ ಅರ್ಧಕ್ಕೆ ನನ್ನ ಗಾಲಿ ಗೆರೆ ಬಿಟ್ಟು ಒಳಕ್ಕೆ ಸರಿಯಿತು. ಎರಡನೆಯ ಸುತ್ತಿಗೂ ಅದೇ ಜಾಗದಲ್ಲಿ, ಮೂರನೆಯದಕ್ಕೂ. ಜಡ್ಜು ಕುಕ್ಕುರುಗಾಲಲ್ಲಿ ಕೂತು ನೋಡಿ ಏನೋ ಬರೆದುಕೊಂಡರು. "ಯಾಕೆ ಒಂದೇ ಕಡೆ ವಾಲ್ತಾ ಇದೀಯ?" ಅಂತ ಟೀಚರ್ ಕೇಳಿದರು. ನನಗೆ ಆಗಲೇ ಗೊತ್ತಾಗಿತ್ತು. ಆ ನೆಲ ಸಮ ಇತ್ತು. ನನ್ನ ಜನ್ಮದಲ್ಲಿ ಅಂಥ ಸಮ ನೆಲದ ಮೇಲೆ ನಾನು ನಿಂತೇ ಇರಲಿಲ್ಲ.

ಹಲಗೆಯ ಮೇಲೆ ಆಯ್ಕೆಯಾದವರ ಹೆಸರು ಹಚ್ಚಿದರು, ನನ್ನದಿರಲಿಲ್ಲ. ಅಳು ಬರುತ್ತದೆ ಅಂತ ಕಾದೆ, ಬರಲಿಲ್ಲ. ಕೂಡ್ಲಿಗಿಯಲ್ಲಿ ಇಳಿದು ಕೊಟ್ಟೂರು ಬಸ್ಸಿಗೆ ನಿಂತಾಗ ಹಸಿವಾಗಿತ್ತು. ಮಂಡಕ್ಕಿ ಮೆಣಸಿನಕಾಯಿ ತಿಂದೆ, ಖಾರ ಹತ್ತಲಿಲ್ಲ.

ಮನೆಗೆ ಬಂದಾಗ ಅವ್ವನ ತಂಗಿ, ನಮ್ಮ ಚಿಗವ್ವ, ಬಂದು ಕೂತಿದ್ದಳು. ಯಾಕೆ ಆಗಲಿಲ್ಲ ಅಂತ ಎಲ್ಲರೂ ಕೇಳಿದರು. ಚಿಗವ್ವ ನನ್ನನ್ನು ನಗಿಸಲಿಕ್ಕೆ, ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ, ನೀನೂ ಹಂಗ ಅಂದುಬಿಡು ಅಂದಳು. ಅಪ್ಪನೂ ನಕ್ಕ.

"ಹೌದು, ನೆಲ ಡೊಂಕು ಐತಿ," ಅಂದೆ. "ಅಲ್ಲಿದಲ್ಲ. ನಮ್ಮದು."

ಅಪ್ಪ ಎದ್ದು ಹಿತ್ತಲಿಗೆ ಹೋಗಿ ಒಂದು ಕೊಡ ನೀರು ಸುರಿದ. ನೀರು ಎಲ್ಲೂ ನಿಲ್ಲದೆ, ಹರಡದೆ, ಸದ್ದಿಲ್ಲದೆ ಮೂಲೆಯ ಬಚ್ಚಲ ಕಿಂಡಿಗೆ ಹೋಯಿತು. ಕಣ್ಣಿಗೆ ಕಾಣದಷ್ಟು ಇಳಿಜಾರು. ಗೌಂಡಿಗಳು ಅದಕ್ಕೆ ವಾಟ ಅನ್ನುತ್ತಾರೆ. ವಾಟ ಕೊಡದವನು ಗೌಂಡಿಯೇ ಅಲ್ಲ, ನೀರು ನಿಂತರೆ ಮಾನ ಹೋಯಿತು ಅಂತ ಅವನು ಕೆಲಸಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ. ಮಗಳ ನೆಲಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೊಟ್ಟಿದ್ದ. ನನ್ನ ಕಾಲು ಏಳು ವರ್ಷ ಆ ಇಳಿಜಾರಿಗೆ ಎದುರಾಗಿ ವಾಲುವುದನ್ನು ಕಲಿತಿತ್ತು. ಆ ಹೊತ್ತು ಅವನ ಮೇಲೆ ಸಿಟ್ಟು ಬಂತು. ಆಮೇಲೆ ಅದೂ ಇರಲಿಲ್ಲ.

ಮಾರನೆಯ ದಿನದಿಂದ ಅಪ್ಪ ಆ ನೆಲ ಒಡೆಯಲು ಶುರು ಮಾಡಿದ. ಬೇಡ ಅಂತ ನಾನು ಹೇಳಬಹುದಿತ್ತು, ಹೇಳಲಿಲ್ಲ. ನಾನು ಹಗರಿಬೊಮ್ಮನಹಳ್ಳಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದೆ. ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಅವನು ಲೆವೆಲ್ ಪೈಪು ಹಿಡಿದು ನಾಲ್ಕು ಮೂಲೆಗೂ ಓಡಾಡುತ್ತಿದ್ದ. ಹೊಸ ನೆಲಕ್ಕೆ ವಾಟ ಕೊಡಲಿಲ್ಲ. ಮಳೆ ಬಂದರೆ ನೀರು ಹಾಗೇ ನಿಲ್ಲುತ್ತಿತ್ತು, ಎಲ್ಲ ಕಡೆ ಒಂದೇ ಮಟ್ಟ. ಗೌಂಡಿ ಮನಿ ಹಿತ್ತಲಾಗ ಕೆರಿ ಅಂತ ಓಣಿಯವರು ನಗುತ್ತಿದ್ದರು. ಅಪ್ಪ ಪೊರಕೆ ಹಿಡಿದು ಬಗ್ಗಿ ನೀರು ತಳ್ಳುತ್ತಿದ್ದ. ಬೂಟು ಹಾಕ್ಕೋ ಅಂತ ನನಗೆ ಒಂದು ದಿನವೂ ಅನ್ನಲಿಲ್ಲ.

ಹೋದ ಮುಂಗಾರಿನ ಒಂದು ಭಾನುವಾರ ನಾನೇ ಅಟ್ಟದಿಂದ ಬೂಟು ಇಳಿಸಿದೆ. ಯಾಕೋ ಗೊತ್ತಿಲ್ಲ. ಅವನು ಅರ್ಧ ನೆಲದ ನೀರು ತಳ್ಳಿದ್ದ, ಅಷ್ಟು ಭಾಗ ಬಿಸಿಲಿಗೆ ಆರಿತ್ತು. ಒದ್ದೆ ಗಾಲಿಯಲ್ಲಿ ಒಣ ನೆಲದ ಮೇಲೆ ಒಂದು ವೃತ್ತ ಸುತ್ತಿದೆ. ಅಪ್ಪ ಪೊರಕೆ ಊರಿ ನಿಂತಿದ್ದ. ನಿಂತು ತಿರುಗಿ ನೋಡಿದೆ. ಗಾಲಿಯ ಒದ್ದೆ ಗೆರೆಯ ಎರಡು ತುದಿಗಳ ನಡುವೆ ಒಂದು ಗೇಣು ಜಾಗ ಇತ್ತು. ನೆಲ ಸರಿ ಇತ್ತು. ಕಾಲು ಇನ್ನೂ ಹಳೆಯ ಕಡೆಗೇ ವಾಲುತ್ತಿತ್ತು.

"ಗೆರಿ ಕೂಡ್ತೇನವ್ವ?" ಅಂದ.

"ಕೂಡ್ತಪ್ಪ," ಅಂದೆ.

ನಲವತ್ತು ವರ್ಷ ಗೆರೆ ನೋಡಿದ ಕಣ್ಣು ಅವನದು. ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಬಗ್ಗಿ, ಆಚೆ ನಿಂತಿದ್ದ ನೀರನ್ನು ಪೊರಕೆಯಿಂದ ಆ ಗೆರೆಯ ಮೇಲೆ ಎಳೆದ.