ಆನರ್ಸಿನ ಹನ್ನೆರಡನೆಯ ಹೆಸರು

ಆ ಪತ್ರ ನನಗೆ ಬಂದಿತ್ತು, ಶೈಲಜಾ. ಬಂದಿಲ್ಲ ಎಂದು ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳು. ಮರೆವಲ್ಲ, ಗಡಿಬಿಡಿಯಲ್ಲ — ಸುಳ್ಳು. ಇಷ್ಟು ಬರೆಯುವುದಕ್ಕೆ ಮೂರು ದಿನ ಹಿಡಿಯಿತು. ಉಳಿದದ್ದು ಬೇಗ ಬಂದೀತು ಎಂದುಕೊಂಡಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇದನ್ನು ನಿನ್ನ ನಾದಿನಿ ಅಶ್ವಿನಿಯೂ ಓದಬೇಕು.

ಸಿಡ್ನಿಯಲ್ಲಿ ಕಾರ್ಪೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ನಮ್ಮ ಡಿಪ್ಲೊಮಾ ಕಾಲೇಜು. ಅಲ್ಲಿ ಒಂದು ವರ್ಷ ಎಂಟು ವಿಷಯ ಓದಿದರೆ ಸಿಡ್ನಿ ಅಥವಾ ಮೆಲ್ಬರ್ನಿನ ಯೂನಿವರ್ಸಿಟಿಯ ಎರಡನೇ ವರ್ಷಕ್ಕೆ ನೇರ ಪ್ರವೇಶ — ಇದು ಒಪ್ಪಂದ. ಇದರ ಮೇಲೆ ನಾವೊಂದು ಕಿರೀಟ ಇಟ್ಟೆವು: ಆನರ್ಸ್ ವಿಭಾಗ. ಜಾಣರನ್ನು ಆರಿಸಿ, ಎಂಟರಲ್ಲಿ ಎರಡು ವಿಷಯ ತೆಗೆದು, ಅವುಗಳ ಜಾಗದಲ್ಲಿ ಇನ್ನೂ ಕಷ್ಟದ ಎರಡನ್ನು ಕಲಿಸುವುದು. ಅದಕ್ಕೆ ಸಂಯೋಜಕ ನಾನು. ಜೆರಾಕ್ಸ್ ಕಾಗದ ಇಡುತ್ತಿದ್ದ ಕೋಣೆಯಿಂದ ಅರ್ಧ ಕಾಗದ ಹೊರಗೆ ಹಾಕಿ ನನ್ನನ್ನು ಒಳಗೆ ಇಟ್ಟರು. ಬಾಗಿಲಿಗೆ ನನ್ನ ಹೆಸರಿನ ಫಲಕ ಬಂತು. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದರೂ ಬಾಗಿಲಿಗೆ ಏರದ ಹೆಸರು ಅದು. ದಿನಕ್ಕೊಂದು ಸಲವಾದರೂ ಹೊರಗೆ ನಿಂತು ಅದನ್ನು ಓದುತ್ತಿದ್ದೆ ಎಂದರೆ ನೀನು ನಗಬಹುದು. ನಗು.

ಹನ್ನೆರಡು ಮಂದಿಗಿಂತ ಕಡಿಮೆಯಾದರೆ ವಿಭಾಗ ಮುಚ್ಚುತ್ತೇವೆ ಎಂದು ಆಡಳಿತದವರು ಹೇಳಿದ್ದರು. ಹನ್ನೊಂದು ಜನ ಸಿಕ್ಕಿದ್ದರು. ಆಗ ಗದಗದಿಂದ ನೀನು ಬಂದೆ — ಸಂಖ್ಯಾಶಾಸ್ತ್ರ ಓದಬೇಕು, ಅದೂ ಮೆಲ್ಬರ್ನಿನಲ್ಲಿ, ಗ್ಲೆನ್ ವೇವರ್ಲಿಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. ಆನರ್ಸ್ ಮಾಡಿದರೆ ಅನುಕೂಲವೇ ಎಂದು ನೀನು ನನ್ನನ್ನು ಕೇಳಿದೆ. ಅನುಕೂಲವೇ? ಯೂನಿವರ್ಸಿಟಿಯವರು ಎದುರು ಬಂದು ಕರೆದುಕೊಂಡು ಹೋಗುತ್ತಾರೆ ಎನ್ನುವ ಧಾಟಿಯಲ್ಲಿ ನಾನು ಭಾಷಣ ಮಾಡಿದೆ. ನೀನು ಅಲ್ಲೇ ಸಹಿ ಹಾಕಿದೆ.

ತರಗತಿ ಶುರುವಾದ ಎರಡನೆಯ ವಾರ ಮೆಲ್ಬರ್ನಿನ ಯೂನಿವರ್ಸಿಟಿಯಿಂದ ಪತ್ರ ಬಂತು. ಒಂದೇ ಹಾಳೆ. ನಿಮ್ಮ ಹೊಸ ಎರಡು ವಿಷಯಗಳು ನಮ್ಮ ಪಟ್ಟಿಯಲ್ಲಿಲ್ಲ. ಅವುಗಳನ್ನು ಓದಿದವರಿಗೆ ಎರಡನೇ ವರ್ಷಕ್ಕೆ ಪ್ರವೇಶ ಸಿಗುವುದಿಲ್ಲ. ದಯವಿಟ್ಟು ವಿದ್ಯಾರ್ಥಿಗಳಿಗೆ ತಿಳಿಸಿ. ಉಳಿದ ಹನ್ನೊಂದು ಜನ ಸಿಡ್ನಿಯಲ್ಲೇ ಮುಂದುವರಿಯುವವರು, ಅಲ್ಲಿಯ ಯೂನಿವರ್ಸಿಟಿಗೆ ಇದರ ತಕರಾರಿರಲಿಲ್ಲ. ತಿಳಿಸಬೇಕಾಗಿದ್ದದ್ದು ನಿನಗೊಬ್ಬಳಿಗೆ. ವಿಷಯ ಬದಲಿಸಿಕೊಳ್ಳಲು ಇನ್ನೂ ಹತ್ತು ದಿನ ಸಮಯವಿತ್ತು. ಪಕ್ಕದ ಕೋಣೆಯಲ್ಲೇ ನಿಮ್ಮ ತರಗತಿ ನಡೆಯುತ್ತಿತ್ತು — ಹದಿನೈದು ಹೆಜ್ಜೆ.

ನೀನು ಹೋದರೆ ಹನ್ನೊಂದು. ಹನ್ನೊಂದಾದರೆ ಫಲಕ ಇಳಿಯುತ್ತದೆ.

ಪತ್ರವನ್ನು ಫೈಲಿಗೆ ಹಾಕಿದೆ. ವರ್ಷದ ಕೊನೆಗೆ ಅವರೊಂದಿಗೆ ಮಾತಾಡಿ ಸರಿಮಾಡೋಣ ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ಬಹಳ ವಿಧೇಯ ವಿದ್ಯಾರ್ಥಿ, ಮರುಪ್ರಶ್ನೆ ಹಾಕಲಿಲ್ಲ. ನಾನು ಅವರೊಂದಿಗೆ ಮಾತಾಡಲೂ ಇಲ್ಲ.

ವರ್ಷ ಮುಗಿಯಿತು. ಇಡೀ ಕಾಲೇಜಿಗೆ ನೀನೇ ಮೊದಲು. ನೀನು ಮೆಲ್ಬರ್ನಿಗೆ ಹೋದೆ. ಪ್ರವೇಶ ಸಿಗದೆ, ಅಲ್ಲಿನ ಯೂನಿವರ್ಸಿಟಿ ಕಚೇರಿಯಿಂದಲೇ ನನಗೆ ಫೋನ್ ಮಾಡಿದೆ. ದನಿ ಗಟ್ಟಿಯಾಗೇ ಇತ್ತು, ಆದರೆ ನಿಧಾನವಾಗಿ ಮಾತಾಡುತ್ತಿದ್ದೆ.

"ಸರ್, ಕಾಲೇಜಿಗೆ ಪತ್ರ ಮೊದಲ ಕಳಿಸೇವಿ ಅಂತಾರ ಇವರು. ನಿಮಗ ಬಂದಿತ್ತೇನ್ರಿ? ಪತ್ರ ಬಂದಿತ್ತು, ಹುಡುಗಿಗೆ ಹೇಳಿಲ್ಲ ಅಂತ ನೀವು ಒಂದು ಸಾಲು ಬರದು ಕೊಟ್ರ, ನನ್ನ ಕೇಸ್ ಮತ್ತ ನೋಡತೀವಿ ಅಂದಾರ."

ಒಂದು ಸಾಲು. ಫೈಲು ನನ್ನ ತಲೆಯ ಹಿಂದಿನ ಕಪಾಟಿನಲ್ಲಿತ್ತು.

"ಇಲ್ಲಮ್ಮ," ಎಂದೆ. "ಯಾವ ಪತ್ರವೂ ಬಂದಿಲ್ಲ."

ನೀನು ನಂಬಿದೆ. ನಂಬಿ, ಆ ಕಚೇರಿಯ ಹೆಂಗಸಿನೊಂದಿಗೆ ವಾದಕ್ಕೆ ನಿಂತೆ — ನಮ್ಮ ಸರ್ ಸುಳ್ಳು ಹೇಳುವವರಲ್ಲ ಎಂದೆಯಂತೆ. ನಾನು ಅವರಿಗೆ ಖಾರವಾಗಿ ಬರೆಯುತ್ತೇನೆ ಎಂದು ನಿನಗೆ ಮಾತು ಕೊಟ್ಟೆ. ಬರೆಯಲಿಲ್ಲ. ಮತ್ತೆ ಮೊದಲನೇ ವರ್ಷ ಓದಿಸಲು ನಿನ್ನ ಅಪ್ಪನಿಗೆ ಶಕ್ತಿ ಇರಲಿಲ್ಲ, ವೀಸಾ ಕಾಯುವುದಿಲ್ಲ. ನೀನು ಅಡುಗೆ ಕೋರ್ಸಿಗೆ ಸೇರಿದೆ. ಆಗ ಅದಕ್ಕೆ ಪಿಆರ್, ಅಂದರೆ ಈ ದೇಶದಲ್ಲಿ ಕಾಯಂ ಇರುವ ಅನುಮತಿ, ಸಿಗುತ್ತಿತ್ತು, ಸಿಕ್ಕಿತು. ಈಗ ಕ್ರಾನ್‌ಬರ್ನಿನ ವೃದ್ಧಾಶ್ರಮದ ಅಡುಗೆಮನೆ ನೋಡಿಕೊಳ್ಳುತ್ತೀಯ, ಮದುವೆಯಾಗಿದೆ, ಮನೆಯಿದೆ. ಎಲ್ಲ ಒಳ್ಳೆಯದೇ ಆಯಿತಲ್ಲ — ಈ ವಾಕ್ಯವನ್ನು ಎಷ್ಟೋ ವರ್ಷ ತಲೆದಿಂಬಿನಂತೆ ಬಳಸಿದ್ದೇನೆ. ಈಗ ಅದರ ಹತ್ತಿಯೆಲ್ಲ ಒಂದು ಮೂಲೆಗೆ ಸರಿದುಬಿಟ್ಟಿದೆ.

ಹೋದ ಭಾನುವಾರ ಇಲ್ಲೇ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಗೌರಿ ಹಬ್ಬದ ಊಟ. ಮಗಳ ಮನೆಗೆ ಬಂದು ನೆಲೆಸಿರುವ ನಿವೃತ್ತ ಮೇಷ್ಟ್ರು ಎಂದು ನನ್ನನ್ನು ಯಾರೋ ನಿನ್ನ ಪಕ್ಕವೇ ಕೂರಿಸಿದರು. ನೀನು ಎದ್ದು ಕಾಲಿಗೆ ಬಿದ್ದೆ. ಎಲ್ಲರಿಗೂ ಹೇಳಿದೆ, "ಇವರು ನಮ್ಮ ಸರ್. ನನ್ನ ಸಲುವಾಗಿ ಯೂನಿವರ್ಸಿಟಿಯವರ ಕೂಡ ಜಗಳಾನ ಆಡಿದ್ರು." ನಾನು — ಪಾಯಸ ಹಾಕಿಸಿಕೊಂಡೆ.

ಆಗ ಅಶ್ವಿನಿ ಕೇಳಿದ್ದು. "ಅಂಕಲ್, ನಮ್ ಕಾಲೇಜಲ್ಲೂ ಆನರ್ಸ್ ಇದೆ. ಸೇರಿದ್ರೆ ಯೂನಿಗೆ ಟ್ರಾನ್ಸ್‌ಫರ್ ಈಸಿ ಆಗತ್ತಾ? ನಾಳೆ ಅಲ್ಲ, ಮುಂದಿನ ಸೋಮವಾರದೊಳಗೆ ಫಾರ್ಮ್ ಕೊಡ್ಬೇಕು."

ನಾನು ಯೋಚಿಸಿ ಹೇಳುತ್ತೇನೆ ಎಂದೆ. ನೀನು ಅವಳಿಗೆ, ಸರ್ ಹೇಳಿದಂಗ ಮಾಡು, ಕಣ್ಣು ಮುಚ್ಚಿ ಮಾಡು, ಎಂದೆ. ಅಲ್ಲಿಂದ ಈ ಕಡೆ ನನಗೆ ಊಟ ರುಚಿಸಿಲ್ಲ.

ಅಶ್ವಿನಿ, ಕೇಳಮ್ಮ. ನಮ್ಮ ಆನರ್ಸಿನವರಲ್ಲಿ ಬಹುತೇಕ ಎಲ್ಲರೂ ಯೂನಿವರ್ಸಿಟಿ ಸೇರಿದರು, ಅದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿದೆವು. ಆದರೆ ನಾವು ಆರಿಸಿದ್ದೇ ಅಂಥವರನ್ನು — ಕೆಳಗಿನ ಕಾರ್ಪೆಟ್ ಗೋದಾಮಿನಲ್ಲಿ ಒಂದು ವರ್ಷ ಕೂಡಿಹಾಕಿದ್ದರೂ ಅವರು ಸೇರುತ್ತಿದ್ದರು. ಪ್ರಯೋಜನವೇ ಇರಲಿಲ್ಲ ಎನ್ನಲಾರೆ. ಸಣ್ಣ ತರಗತಿ, ಎದ್ದು ಪ್ರಶ್ನೆ ಕೇಳುವ ಧೈರ್ಯ, ಅದು ಬರುತ್ತದೆ. ಆದರೆ ಯೂನಿವರ್ಸಿಟಿಯ ಪಟ್ಟಿಗೆ ಧೈರ್ಯ ಕಾಣಿಸುವುದಿಲ್ಲ, ವಿಷಯದ ಹೆಸರು ಕಾಣಿಸುತ್ತದೆ. ಪ್ರತಿ ವಿಷಯದ ಹೆಸರು ಹಿಡಿದು ನೀನೇ ಯೂನಿವರ್ಸಿಟಿಗೆ ಹೋಗು, ಉತ್ತರವನ್ನು ಬರಹದಲ್ಲಿ ತೆಗೆದುಕೋ. ಅದು ಕೈಗೆ ಬರುವ ತನಕ ಫಾರ್ಮ್ ಕೊಡಬೇಡ. ಸಂಯೋಜಕರನ್ನು ಮಾತ್ರ ಕೇಳಬೇಡ. ಅವರಿಗೊಂದು ಬಾಗಿಲಿರುತ್ತದೆ, ಬಾಗಿಲಿಗೊಂದು ಫಲಕ.

ಇನ್ನು ನೀನು, ಶೈಲಜಾ. ಆ ಕಚೇರಿಯ ಹೆಂಗಸು ಹೇಳಿದ್ದು ನಿಜ. ನೀನು ಕಳೆದುಕೊಂಡದ್ದು ದುರದೃಷ್ಟದಿಂದಲ್ಲ, ನಿಯಮದಿಂದಲ್ಲ, ನನ್ನಿಂದ. ಕ್ಷಮೆ ಕೇಳಬೇಕೆಂದು ಎರಡು ಸಲ ಬರೆದು ಹೊಡೆದುಹಾಕಿದೆ — ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು, ಮತ್ತೆ ನಿನ್ನಿಂದಲೇ ಒಂದನ್ನು ಪಡೆದಂತಾಗುತ್ತದೆ.

ನಾಳೆ ಭಾನುವಾರ. ಇದನ್ನು ಅಂಚೆಗೆ ಹಾಕುವುದಿಲ್ಲ. ಕ್ರಾನ್‌ಬರ್ನಿಗೆ ನಾನೇ ಬಂದು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತೇನೆ. ಓದುವ ಮೊದಲು, ಒಳಗ ಬಂದು ಕೂಡ್ರಿ ಸರ್, ಎನ್ನಬೇಡ.