ಸೆಕೆಂಡಣ್ಣ ಮತ್ತು ನಿದ್ದೆ ಹೋದ ಸರ್ವರ್

ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷಕ್ಕೆ ಸೆಕೆಂಡಣ್ಣ ಕಾರಿಡಾರಿನ ಕೊನೆಯ ಸಿಂಕಿನಲ್ಲಿ ತನ್ನ ಊಟದ ಡಬ್ಬಿ ತೊಳೆಯುತ್ತಿದ್ದ. ಅದೇ ನಿಮಿಷ, ಎರಡು ಗೋಡೆಗಳಾಚೆ, ಆಂಬುಲೆನ್ಸ್ ಕೇಂದ್ರದ ಫೋನ್ ಮೇಜಿನಲ್ಲಿ ಕೂತಿದ್ದ ಆಪರೇಟರ್ ಹೆಂಗಸಿನ ಮುಂದೆ ಕಂಪ್ಯೂಟರ್ ಪರದೆ ಬೆಳ್ಳಗೆ ನಿಂತುಬಿಟ್ಟಿತ್ತು. ಫೋನಿನ ಆಚೆ ತುದಿಯಲ್ಲಿ ಗಂಡನ ಎದೆ ಒತ್ತುತ್ತಿದ್ದ ಇನ್ನೊಬ್ಬ ಹೆಂಗಸು ವಿಳಾಸ ಹೇಳಿ ಮುಗಿಸಿದ್ದಳು. ಯಾವ ಗಾಡಿ ಹತ್ತಿರವಿದೆ ಎಂದು ತೋರಿಸುವುದು ಆ ಪರದೆಯೇ. ಅದರಲ್ಲಿ ವಿಳಾಸ ತುಂಬದೆ ಗಾಡಿ ಹೊರಡುವಂತಿರಲಿಲ್ಲ.

ಗಾಡಿ ಹೋಯಿತು, ತಡವಾಗಿ. ಆ ಮನುಷ್ಯ ದಾರಿಯಲ್ಲೇ ತೀರಿಕೊಂಡ. ಬೇಗ ಹೋಗಿದ್ದರೆ ಉಳಿಯುತ್ತಿದ್ದನೆಂದು ವೈದ್ಯರು ಹೇಳಲಿಲ್ಲ. ಉಳಿಯುತ್ತಿರಲಿಲ್ಲ ಎಂದೂ ಹೇಳಲಿಲ್ಲ.

ಸೆಕೆಂಡಣ್ಣ ಆ ಕೇಂದ್ರದ ಸರ್ವರ್ ನೋಡಿಕೊಳ್ಳುವವನು. ವಯಸ್ಸು ಐವತ್ತೆರಡು. 'ಸುಮಾರು' ಎಂಬ ಮಾತು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿಲ್ಲ. ಲಿಫ್ಟ್ ಯಾವಾಗ ಬರುತ್ತದೆ ಎಂದರೆ ಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತ್ತು.

ಅವನ ಸರ್ವರಿಗೆ ಒಂದು ಚಾಳಿಯಿತ್ತು. ಹತ್ತು ನಿಮಿಷ ಯಾರೂ ಏನೂ ಕೇಳದಿದ್ದರೆ, ಮೆಮೊರಿ ಉಳಿಸಲೆಂದು, ಕೆಲಸ ಮಾಡುವ ಪ್ರೊಸೆಸ್ಸನ್ನು ಅದು ಮಲಗಿಸಿಬಿಡುತ್ತಿತ್ತು. ಆಮೇಲೆ ಮೊದಲು ಕೇಳಿದವರ ಪಾಲಿಗೆ ಕಾಯುವ ಕರ್ಮ. ಪ್ರೊಸೆಸ್ ಹೊಸದಾಗಿ ಎದ್ದು, ನಕ್ಷೆ, ಗಾಡಿಗಳ ಪಟ್ಟಿ ಎಲ್ಲವನ್ನೂ ಓದಿಕೊಂಡ ಮೇಲೆಯೇ ಪುಟ ತೆರೆಯಬೇಕು. "ಅಣ್ಣ, ನಿಮ್ ಸರ್ವರ್ರು ನಮ್ಮನೆಯವ್ರ ಥರಾನೇ, ಎಬ್ಬಿಸೋಷ್ಟರಲ್ಲಿ ಅರ್ಧ ದಿನ ಹೋಗುತ್ತೆ" ಎಂದು ಆ ಆಪರೇಟರೇ ಒಮ್ಮೆ ನಗೆಯಾಡಿದ್ದಳು. ಒಂದು ಪ್ರೊಸೆಸ್ ಸದಾ ಎಚ್ಚರವಾಗಿರಲಿ ಎಂದು ಅವನು ಎರಡು ಸಲ ಬರೆದುಕೊಟ್ಟ. ಆ ಯಂತ್ರವನ್ನು ಮೂರು ವಿಭಾಗಗಳು ಹಂಚಿಕೊಂಡಿದ್ದವು. ಮೆಮೊರಿ ಇಲ್ಲ ಎಂದು ಮ್ಯಾನೇಜರ್ ಎರಡು ಸಲವೂ ತಳ್ಳಿಹಾಕಿದರು. ಆಗ ಸೆಕೆಂಡಣ್ಣ ತಾನೇ ಒಂದು ದಾರಿ ಹುಡುಕಿದ. ಐದು ನಿಮಿಷಕ್ಕೊಮ್ಮೆ ಸುಮ್ಮನೆ ಒಂದು ಪುಟ ಕೇಳುವ ಚಿಕ್ಕ ಪ್ರೋಗ್ರಾಮು ಬರೆದ. ಯಾರಾದರೂ ಬಾಗಿಲು ತಟ್ಟುತ್ತಿದ್ದರೆ ಒಳಗಿನವನು ಮಲಗುವುದಿಲ್ಲವಲ್ಲ. ಎರಡು ವರ್ಷ ಯಾರೂ ಕಾಯಲಿಲ್ಲ.

ಅಂದು ಸಂಜೆ ಸರ್ವರ್ ತಾನೇ ಬರೆದಿಡುವ ದಾಖಲೆ, ಲಾಗ್, ತೆರೆದು ಕೂತವನಿಗೆ ತನ್ನದೇ ತಪ್ಪು ಕಣ್ಣಿಗೆ ಬಿತ್ತು. ಆರು ವಾರದ ಹಿಂದೆ, ಲಾಗಿನಲ್ಲಿ ತಟ್ಟುವ ಸಾಲುಗಳೇ ತುಂಬಿಹೋಗುತ್ತಿವೆ ಎಂದು, ಆ ಪ್ರೋಗ್ರಾಮು ಕೇಳುವ ಪುಟವನ್ನು ಅವನು ಬದಲಿಸಿದ್ದ. ಹೊಸದು 'ಚೆನ್ನಾಗಿದೆ' ಎಂದಷ್ಟೇ ಹೇಳುವ ಪುಟ್ಟ ಪುಟ. ಆ ಪುಟವನ್ನು ಮುಂಬಾಗಿಲ ವೆಬ್ ಸರ್ವರೇ ಕೊಟ್ಟು ಕಳಿಸುತ್ತದೆ, ಒಳಗಿನ ಪ್ರೊಸೆಸ್ಸಿಗೆ ಸುದ್ದಿಯೇ ಹೋಗುವುದಿಲ್ಲ. ಆರು ವಾರ ಅವನು ಕಾವಲುಗಾರನ ಕುಶಲ ವಿಚಾರಿಸಿ ಮನೆಯವರೆಲ್ಲ ಸೌಖ್ಯ ಎಂದು ನಂಬಿದ್ದ. ಸರ್ವರ್ ಸರಿಯಿದೆ ಎಂದು ತೋರಿಸುವ, ಅವನ ಮೇಜಿನ ಹಸಿರು ದೀಪ ಉರಿಯುತ್ತಲೇ ಇತ್ತು. ಕರೆಗಳು ಒಂದರ ಹಿಂದೊಂದು ಬರುತ್ತಿದ್ದುದರಿಂದ ತಪ್ಪು ಬಯಲಿಗೆ ಬಿದ್ದಿರಲಿಲ್ಲ. ಅಂದು ಮೂರು ಗಂಟೆ ಆರು ನಿಮಿಷದಿಂದ ಹನ್ನೊಂದು ನಿಮಿಷ ಒಂದೂ ಕರೆ ಬರಲಿಲ್ಲ.

ಆಪರೇಟರ್ ಪುಟ ಮತ್ತೆ ತರಿಸಲೆಂದು ಎರಡು ಸಲ ರಿಫ್ರೆಶ್ ಒತ್ತಿದ್ದಳು. ಮೊದಲು ಕೇಳಿದ್ದಕ್ಕೊಂದು, ಆಮೇಲೆ ಒಂದೊಂದು ಒತ್ತಿಗೂ ಒಂದೊಂದು ಪ್ರೊಸೆಸ್ ಎದ್ದು, ಮೂರೂ ಇದ್ದ ಚೂರು ಮೆಮೊರಿಗೆ ಕಿತ್ತಾಡಿದ್ದವು. ಅವನು ಪರೀಕ್ಷೆಯ ಯಂತ್ರದಲ್ಲಿ ಹನ್ನೆರಡು ಸಲ ಅಳೆದ. ಒಂದೇ ಎದ್ದರೆ ಮೂವತ್ತೊಂದು ಸೆಕೆಂಡು. ಮೂರು ಒಟ್ಟಿಗೆ ಎದ್ದರೆ ಅದರ ಎರಡರಷ್ಟಕ್ಕೂ ಮೇಲೆ.

ತಪ್ಪು ಹೊರಿಸಲು ಮ್ಯಾನೇಜರಿಗೆ ಆ ರಿಫ್ರೆಶ್ ಸಾಕಾಗಿತ್ತು. ಪದೇ ಪದೇ ಒತ್ತಬಾರದೆಂದು ಗೋಡೆಯ ಮೇಲೆ ಸೂಚನೆಯೇ ಇದೆ. ಆಪರೇಟರ್ ಗುತ್ತಿಗೆಯವಳು, ತೆಗೆದರೆ ಫೈಲು ಮುಚ್ಚುತ್ತದೆ. ಅವರು ಸೆಕೆಂಡಣ್ಣನನ್ನು ಕರೆದು, ಸರ್ವರ್ ಆ ದಿನ ಪೂರ್ತಿ ಹಸಿರಾಗಿತ್ತು ಎಂದು ಬರೆದುಕೊಡಲು ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಆಪರೇಟರ್ ಕೂತಿದ್ದಳು. ಅವಳೊಬ್ಬಳ ಸಂಬಳದಲ್ಲಿ ಮನೆ ನಡೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವಳು ತಲೆಯೆತ್ತಿ ಕೇಳಿದ್ದು ಒಂದೇ.

"ಅಣ್ಣ, ನಾನು ಒತ್ತದೇ ಇದ್ದಿದ್ರೆ ಬೇಗ ಬರ್ತಿತ್ತಾ?"

ಬರುತ್ತಿತ್ತು. ಅಷ್ಟು ನಿಖರವಾದ ಮನುಷ್ಯ ಅಂದು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದುಬಿಟ್ಟ.

ಮನೆಯಲ್ಲಿ ಅವನು ಅರ್ಧ ತಟ್ಟೆಗೇ ಕೈತೊಳೆದಾಗ ಹೆಂಡತಿ ಎಲ್ಲವನ್ನೂ ಬಾಯಿಬಿಡಿಸಿದಳು. ತನ್ನ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು.

"ಹೇಳಬೇಡಿ ಅಂತ ನಾನನ್ನಲ್ಲ. ಹೇಳಿದ್ಮೇಲೆ ಮನೇಲಿ ಮುಖ ಇಳಿಬಿಟ್ಕೊಂಡು ಕೂತ್ಕೋಬೇಡಿ, ಅಷ್ಟೆ. ಅದನ್ನ ನೋಡ್ಕೊಂಡಿರೋಕೆ ನನ್ ಕೈಲಾಗಲ್ಲ."

ವಿಚಾರಣೆಯ ಕೋಣೆಯಲ್ಲಿ ಮೂವರು ಅಧಿಕಾರಿಗಳು, ಮ್ಯಾನೇಜರು, ಬಾಗಿಲ ಬಳಿ ಆಪರೇಟರ್. ಸತ್ತವನ ಹೆಂಡತಿ ಕಿಟಕಿಯ ಪಕ್ಕ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸೆಕೆಂಡಣ್ಣ ಪುಟ ಬದಲಿಸಿದ ತಾರೀಖಿನಿಂದ ಹಿಡಿದು ಎಲ್ಲವನ್ನೂ ಹೇಳಿದ, ತನ್ನ ಅಳತೆಗಳ ಹಾಳೆಯನ್ನೂ ಕೊಟ್ಟ. ಮ್ಯಾನೇಜರ್ ಹಾಳೆ ತಿರುವಿ, ಒತ್ತಿದ್ದರಿಂದ ತಡ ಜಾಸ್ತಿಯಾದದ್ದು ಇದರಲ್ಲೇ ಇದೆಯಲ್ಲ ಎಂದರು. ಹಿರಿಯ ಅಧಿಕಾರಿ, ಒಟ್ಟು ತಡದಲ್ಲಿ ಆಪರೇಟರಿನ ಪಾಲೆಷ್ಟು, ಬಿಡಿಸಿ ಹೇಳಿ ಎಂದು ಕೇಳಿದರು.

ಅವನು ಕೊಟ್ಟ ಉತ್ತರಕ್ಕೆ ಅವನ ಕೆಲಸ ಹೋಯಿತು. ಆಪರೇಟರನ್ನು ಉಳಿಸಿಕೊಂಡರು; ಆದರೆ ಆ ಪರದೆಯ ಮುಂದೆ ಇನ್ನು ಕೂರಲಾಗದು ಎಂದು ಎರಡು ತಿಂಗಳಲ್ಲಿ ಅವಳೇ ಬಿಟ್ಟಳು. ಸೆಕೆಂಡಣ್ಣನ ಜಾಗಕ್ಕೆ ಬಂದವನು ಒಂದು ಪ್ರೊಸೆಸ್ ಸದಾ ಎಚ್ಚರವಿರಲಿ ಎಂದು ಒಂದೇ ಸಾಲು ಬರೆದ, ಮೆಮೊರಿಯೂ ಹೇಗೋ ಸಿಕ್ಕಿತು. ಸೆಕೆಂಡಣ್ಣ ಈಗ ಅಂಗಡಿಯೊಂದರಲ್ಲಿ ಪ್ರಿಂಟರ್ ರಿಪೇರಿ ಮಾಡುತ್ತಾನೆ. ಮನೆಯಲ್ಲಿ ಮುಖ ಇಳಿಬಿಡದಿರಲು ನೋಡುತ್ತಾನೆ, ಆಗುವುದಿಲ್ಲ.

ಅಂದು ಆ ಕೋಣೆಯಲ್ಲಿ ಅವನ ಹಾಳೆಯಲ್ಲಿ ಎರಡು ಅಂಕಿಗಳಿದ್ದವು; ಒಂದರಿಂದ ಇನ್ನೊಂದನ್ನು ಕಳೆಯುವುದು ಮಕ್ಕಳಾಟ. ಅವನು ಕಳೆಯಲಿಲ್ಲ. ಪರದೆ ಬೆಳ್ಳಗಿದ್ದರೆ ಯಾರಾದರೂ ಒತ್ತಿಯೇ ಒತ್ತುತ್ತಾರೆ, ಅದು ಬೆಳ್ಳಗಾಗದಂತೆ ನೋಡಿಕೊಳ್ಳುವುದಕ್ಕೇ ತನ್ನನ್ನು ಇಟ್ಟುಕೊಂಡದ್ದು ಎಂದ. ಆಮೇಲೆ ಕಿಟಕಿಯ ಕಡೆ ತಿರುಗಿ, ಕೈಚೀಲ ಹಿಡಿದು ಕೂತವಳಿಗೆ ಕೇಳುವಂತೆ ಹೇಳಿದ:

"ಆಕೆಯದು ಏನೂ ಇಲ್ಲಮ್ಮ. ಅಷ್ಟೂ ನಂದೇ. ಎಪ್ಪತ್ನಾಲ್ಕು ಸೆಕೆಂಡು."