ಕಡಲಿನಲ್ಲಿ ಜಾರಿದ ಲಿಂಗ

ನಮ್ಮ ತಾಂಡೂರಿನಿಂದ ಕಡಲು ಎಷ್ಟು ದೂರವೆಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಊರ ಪಕ್ಕದ ಕಾಗಿಣಾ ಹೊಳೆಯಲ್ಲಿ ಈಜು ಕಲಿತದ್ದೇ ದೊಡ್ಡದೆಂದುಕೊಂಡಿದ್ದೆ. ಎಪ್ಪತ್ತರ ದಶಕದಲ್ಲಿ ಪ್ರಾಣಿಶಾಸ್ತ್ರ ಓದುವಾಗ ನಮ್ಮ ಮೇಡಂ ಕಾರವಾರಕ್ಕೆ ಕರೆದೊಯ್ದರು. ದಡದ ಹತ್ತಿರವೇ ನೀರಿಗಿಳಿದು ಮುಳುಗಿ ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನು ಹುಡುಕಿ, ಕಂಡಲ್ಲೇ ಚಿತ್ರ ಬರೆದುಕೊಳ್ಳಿ ಎಂದರು.

ನೀರಿನೊಳಗೆ ಕಾಗದ ಎಲ್ಲಿ ನಡೆಯುತ್ತದೆ? ಊರಿಂದ ತಂದಿದ್ದ ತಾಂಡೂರಿನ ನುಣುಪು ಕಲ್ಲಿನ ಬಿಲ್ಲೆಯೊಂದನ್ನು ಕೊರಳಿಗೆ ಕಟ್ಟಿಕೊಂಡೆ. ಮೊಳೆಯಿಂದ ಗೀರಿದರೆ ಬಿಳಿ ಗೆರೆ ಮೂಡುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಕಲ್ಲಿನ ಅಂಚು ನನ್ನ ಕೊರಳ ಲಿಂಗದ ಶಿವದಾರವನ್ನು ಸವೆಸುತ್ತಿದೆ ಎಂಬುದು ಹೊಳೆಯಲೇ ಇಲ್ಲ. ದಡಕ್ಕೆ ಬಂದು ಎದೆ ಮುಟ್ಟಿಕೊಂಡರೆ ದಾರದ ತುಂಡಷ್ಟೇ ಇತ್ತು. ಅಜ್ಜಿ ಕೆಂಪು ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದ ಲಿಂಗ ಕಡಲ ಪಾಲಾಗಿತ್ತು.

ನಮ್ಮ ಮನೆಯಲ್ಲಿ ಲಿಂಗ ಕಳೆದರೆ ಸಿಗುವವರೆಗೆ ತುತ್ತು ಬಾಯಿಗಿಡುವಂತಿಲ್ಲ. ಚಿಕ್ಕಂದಿನಿಂದ ಅಜ್ಜಿ ಇದನ್ನು ಹೇಳಿ ಹೇಳಿ ಹೆದರಿಸಿದ್ದಳು. ಮೇಡಂ ಬುತ್ತಿ ಬಿಚ್ಚಿ, "ಯಾಕವಾ, ಉಣ್ಣಂಗಿಲ್ಲೇನು?" ಎಂದರು.

"ಹಸಿವಿಲ್ರಿ" ಎಂದೆ. ಹೊಟ್ಟೆ ತಾಳ ಹಾಕುತ್ತಿತ್ತು. ಅಳು ಬಂದಿತ್ತು, ನನ್ನ ಮೇಲೇ ಸಿಟ್ಟೂ ಬಂದಿತ್ತು.

ಮತ್ತೆ ನೀರಿಗಿಳಿದೆ. ಗಾಬರಿಯಲ್ಲಿ ಕೈಯಾಡಿಸಿದಷ್ಟೂ ಮರಳೆದ್ದು ಏನೂ ಕಾಣಲಿಲ್ಲ. ಕೊನೆಗೆ, ಹುಳು ಹುಡುಕಲು ಮೇಡಂ ಕಲಿಸಿದ್ದಂತೆ ಒಂದೇ ಬಂಡೆಯನ್ನು ಗೇಣುಗೇಣಾಗಿ ನೋಡುತ್ತ, ಉಸಿರಿಗೆ ಮೇಲೇಳುತ್ತ, ಮತ್ತೆ ಮುಳುಗುತ್ತ ಹೋದೆ. ಒಂದು ಸಂದಿನಲ್ಲಿ ಕೆಂಪು ಬಟ್ಟೆ! ಅದರ ಮೇಲೆ, ಬೆಳಿಗ್ಗೆಯಿಂದ ಒಂದೂ ಕಣ್ಣಿಗೆ ಬೀಳದಿದ್ದ ಹುಳು. ನೇರಳೆ ಅಂಚಿನ ಬಿಳಿ ಮೈ, ಪುಟ್ಟ ಎರಡು ಕೊಂಬು. ಯಾರ ಹಂಗೂ ಇಲ್ಲದೆ ತೆವಳುತ್ತಿತ್ತು. ಅದನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಚಿತ್ರ ಗೀರಿಕೊಂಡು, ಅದು ಬಂಡೆಗೆ ಇಳಿದ ಮೇಲೆಯೇ ಲಿಂಗ ಎತ್ತಿಕೊಂಡೆ. ಹೋದ ಜೀವ ಬಂದಂತಾಯಿತು. ಅವತ್ತು ಉಂಡ ಅನ್ನದ ರುಚಿ ಇನ್ನೂ ನೆನಪಿದೆ.

ಊರಿಗೆ ಮರಳಿ, ಹೆದರುತ್ತಲೇ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವಳು ನನಗೆ ಹೊಸ ದಾರ ಹೊಸೆಯುತ್ತ ನಕ್ಕಳು.

"ನಾನೂ ಒಮ್ಮಿ ಜ್ವಾಳದ ಹೊಲದಾಗ ಕಳಕೊಂಡಿದ್ದೆ."

"ಸಿಗೋತನಕ ಉಪಾಸ ಇದ್ದೇನ ಅಜ್ಜೀ?"

"ಹುಚ್ಚಿ, ಮೊದಲ ರೊಟ್ಟಿ ತಿಂದೆ. ಹಸದ ಕಣ್ಣಿಗಿ ಲಿಂಗ ಕಾಣಸ್ತದೇನು?"